ಅಪ್‌ಡೇಟ್ ಆದ ಮೇಲೆ ಉಬುಂಟು ವಿಎಂ ಏಳುತ್ತಿಲ್ಲ, ಅಳಿಸಿ ಮತ್ತೆ ಹಾಕಬೇಕಾ?

ಪ್ರಶ್ನೆ: ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ವರ್ಚುಯಲ್‌ಬಾಕ್ಸ್ ಹಾಕಿಕೊಂಡು ಅದರೊಳಗೆ ವಿಎಂ (ವರ್ಚುಯಲ್ ಮಷಿನ್, ಅಂದರೆ ಕಂಪ್ಯೂಟರಿನೊಳಗಿನ ಕಂಪ್ಯೂಟರ್) ಆಗಿ ಉಬುಂಟು ಬಳಸುತ್ತಿದ್ದೇನೆ. 18.04 ಇದ್ದಾಗ ಡಿಸ್ಕ್ ಎನ್‌ಕ್ರಿಪ್ಟ್ ಮಾಡಿ ಹಾಕಿದ್ದು, ಅಪ್‌ಗ್ರೇಡ್ ಮಾಡುತ್ತಾ 22.04ಕ್ಕೆ ಬಂದಿದ್ದೇನೆ. ಮೊನ್ನೆ ಅಪ್‌ಡೇಟ್ ಕೊನೆಯಲ್ಲಿ ಏನೋ ಎರರ್ ಬಂತು, ಸುಮ್ನೆ ರೀಸ್ಟಾರ್ಟ್ ಮಾಡಿದೆ. ಈಗ ಡಿಸ್ಕ್ ಪಾಸ್‌ವರ್ಡನ್ನೂ ಕೇಳದೆ 'ಕರ್ನಲ್ ಪ್ಯಾನಿಕ್, ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್' ಅಂತ ನಿಂತುಬಿಡುತ್ತದೆ. ಪ್ರಾಜೆಕ್ಟ್ ಕೋಡ್ ಎಲ್ಲ ಒಳಗೇ ಇದೆ. ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡು ಅಂತಾನೆ ಗೆಳೆಯ. ಏನು ಮಾಡಲಿ?

ಉತ್ತರ: ದಯವಿಟ್ಟು ಅಳಿಸಬೇಡಿ. ನೀವು ಬರೆದದ್ದನ್ನು ನೋಡಿದರೆ ನಿಮ್ಮ ಕೋಡ್‌ಗೆ ಏನೂ ಆಗಿಲ್ಲ ಅನಿಸುತ್ತದೆ.

ಪಾಸ್‌ವರ್ಡ್ ಕೇಳುತ್ತಿಲ್ಲ ಅಂದಿರಲ್ಲ, ಇಲ್ಲಿ ಅದೇ ದೊಡ್ಡ ಸುಳಿವು. ಪಾಸ್‌ವರ್ಡ್ ಕೇಳಿ ಡಿಸ್ಕ್ ಬೀಗ ತೆಗೆಯುವುದು ಕರ್ನಲ್ (ಉಬುಂಟುವಿನ ತಿರುಳು) ಅಲ್ಲ, ಅದರ ಜೊತೆ ಲೋಡ್ ಆಗುವ ಇನಿಟ್‌ರಾಮ್‌ಎಫ್‌ಎಸ್ ಅನ್ನುವ ಚಿಕ್ಕ ಫೈಲ್‌ಸಿಸ್ಟಂ. ಅದು ಇಲ್ಲದಿದ್ದರೆ ಕರ್ನಲ್‌ಗೆ ರೂಟ್ (ಉಬುಂಟು ಇರುವ ಮುಖ್ಯ ಫೈಲ್‌ಸಿಸ್ಟಂ) ಎಲ್ಲಿದೆ ಅಂತಲೇ ತಿಳಿಯುವುದಿಲ್ಲ. ಎರರ್ ಸಾಲಿನ ಕೊನೆಯಲ್ಲಿ 'ಅನ್‌ನೋನ್ ಬ್ಲಾಕ್ 0,0' ಅಂತಲೂ ಇದ್ದರೆ ಅನುಮಾನವೇ ಬೇಡ: ಕರ್ನಲ್‌ಗೆ ಯಾವ ಡಿಸ್ಕೂ ಸಿಕ್ಕಿಲ್ಲ ಅಂತ ಅದರ ಅರ್ಥ.

ಯಾಕೆ ಹೀಗಾಯಿತು? ಎನ್‌ಕ್ರಿಪ್ಟ್ ಮಾಡಿದಾಗ ಉಬುಂಟು ಬೂಟ್‌ಗೆ (ಕರ್ನಲ್ ಫೈಲ್‌ಗಳನ್ನು ಇಡುವ ಫೋಲ್ಡರ್) ಬೇರೆಯೇ ಪಾರ್ಟಿಷನ್ ಮಾಡುತ್ತದೆ, 18.04 ಕಾಲದ ಇನ್‌ಸ್ಟಾಲರ್ ಅದಕ್ಕೆ ಒಂದು ಜಿಬಿಯನ್ನೂ ಕೊಡುತ್ತಿರಲಿಲ್ಲ. ಈಗಿನ ಇನಿಟ್‌ರಾಮ್‌ಎಫ್‌ಎಸ್ ಒಂದೊಂದೇ 100 ಎಂಬಿ ದಾಟುವುದುಂಟು. ಹಳೆ ಕರ್ನಲ್‌ಗಳು ಎರಡು ಮೂರು ಉಳಿದಿದ್ದರೆ ಜಾಗ ಮುಗಿಯುತ್ತದೆ. ಹೊಸ ಕರ್ನಲ್ ಕೂತಿತು, ಅದರ ಜೋಡಿ ಫೈಲ್ (ಇನಿಟ್‌ರಾಮ್‌ಎಫ್‌ಎಸ್) ಕೂರಲಿಲ್ಲ. ನೀವು ನೋಡದೆ ಬಿಟ್ಟ ಎರರ್ 'ನೋ ಸ್ಪೇಸ್ ಲೆಫ್ಟ್' ಆಗಿರುವ ಸಾಧ್ಯತೆಯೇ ಜಾಸ್ತಿ.

ಯಾವುದಕ್ಕೂ ಕೈ ಹಾಕುವ ಮೊದಲು ವಿಎಂ ಆಫ್ ಮಾಡಿ ಒಂದು ಸ್ನ್ಯಾಪ್‌ಶಾಟ್ ತೆಗೆದುಕೊಳ್ಳಿ. ಮುಂದೆ ಏನೇ ಕೆಟ್ಟರೂ ಇಲ್ಲಿಗೇ ವಾಪಸ್ ಬರಬಹುದು. ನಿಜವಾದ ಮಷಿನ್‌ನಲ್ಲಿ ಈ ಅನುಕೂಲ ಎಲ್ಲಿ ಸಿಗುತ್ತದೆ?

ಈಗ ವಿಎಂ ಆನ್ ಮಾಡಿ, ತಕ್ಷಣ ಅದರ ಕಿಟಕಿಯೊಳಗೆ ಒಮ್ಮೆ ಕ್ಲಿಕ್ ಮಾಡಿ (ಇಲ್ಲದಿದ್ದರೆ ಕೀ ಒತ್ತಿದ್ದು ವಿಂಡೋಸ್‌ಗೆ ಹೋಗುತ್ತದೆ, ತುಂಬ ಜನ ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ), ಶಿಫ್ಟ್ ಒತ್ತಿ ಹಿಡಿಯಿರಿ. ವಿಎಂ ಸೆಟ್ಟಿಂಗ್‌ನಲ್ಲಿ ಇಎಫ್‌ಐ ಆನ್ ಇದ್ದರೆ ಶಿಫ್ಟ್ ಬದಲು ಎಸ್ಕೇಪ್. ಗ್ರಬ್ ಮೆನು (ಯಾವ ಕರ್ನಲ್ ಓಡಿಸಬೇಕು ಅಂತ ಆರಿಸುವ ಪಟ್ಟಿ) ಬರುತ್ತದೆ. 'ಅಡ್ವಾನ್ಸ್ಡ್ ಆಪ್ಷನ್ಸ್' ಒಳಗೆ ಹೋಗಿ ಎರಡನೇ ಕರ್ನಲ್ ನಂಬರ್ ಆರಿಸಿ, ರಿಕವರಿ ಮೋಡ್ ಬೇಡ. ಹಳೆ ಕರ್ನಲ್‌ನ ಜೋಡಿ ಫೈಲ್ ಹಾಗೇ ಇರುತ್ತದೆ, ಹಾಗಾಗಿ ಪಾಸ್‌ವರ್ಡ್ ಕೇಳಬೇಕು. ಕೇಳಿತು ಅಂದರೆ ಅರ್ಧ ಗೆದ್ದಂತೆ. ಒಳಗೆ ಹೋದ ಕೂಡಲೇ ಕೋಡನ್ನು ಹೊರಗೆ ಎಲ್ಲಾದರೂ ಕಾಪಿ ಮಾಡಿ, ರಿಪೇರಿ ಆಮೇಲೆ.

ಟರ್ಮಿನಲ್‌ನಲ್ಲಿ 'ಡಿಎಫ್ ಹೈಫನ್ ಎಚ್' ಕೊಟ್ಟು ಬೂಟ್ ಸಾಲು ನೋಡಿ, 100% ಹತ್ತಿರ ಇರುತ್ತದೆ. ಆಮೇಲೆ ಬೂಟ್ ಫೋಲ್ಡರ್‌ನ ಫೈಲ್‌ಗಳನ್ನು ನೋಡಿ. ವಿಎಂಲಿನಜ್ (vmlinuz, ಅದೇ ಕರ್ನಲ್) ಅಂತ ಶುರುವಾಗುವ ಪ್ರತಿ ಫೈಲಿಗೂ ಅದೇ ನಂಬರಿನ ಇನಿಟ್‌ಆರ್‌ಡಿ (initrd, ಅದೇ ಇನಿಟ್‌ರಾಮ್‌ಎಫ್‌ಎಸ್) ಫೈಲ್ ಇರಬೇಕು. ಹೊಸ ನಂಬರಿಗೆ ಅದು ಕಾಣಿಸದಿದ್ದರೆ ಕಾರಣ ಸಿಕ್ಕಿತು.

ಮೊದಲು ಜಾಗ ಮಾಡಿ, ಆಮೇಲೆ ಉಳಿದದ್ದು. ಸುಡೊ (ಅಡ್ಮಿನ್ ಅಧಿಕಾರ ಕೊಡುವ ಕಮಾಂಡ್) ಜೊತೆ 'ಆಪ್ಟ್ ಆಟೋರಿಮೂವ್' ಕೊಡಿ, ಬೇಡದ ಕರ್ನಲ್‌ಗಳು ಹೋಗುತ್ತವೆ. ಅಪ್‌ಡೇಟ್ ಅರ್ಧಕ್ಕೆ ನಿಂತಿರುವುದರಿಂದ ಅದು ಹಟ ಹಿಡಿಯಬಹುದು. ಆಗ ಎಲ್ಲಕ್ಕಿಂತ ಹಳೆಯ ಇನಿಟ್‌ಆರ್‌ಡಿ ಫೈಲ್ ಒಂದನ್ನು ಹೋಮ್ ಫೋಲ್ಡರಿಗೆ ಸರಿಸಿ. 'ಯುನೇಮ್ ಹೈಫನ್ ಆರ್' ತೋರಿಸುವ ನಂಬರಿನದ್ದನ್ನು ಮಾತ್ರ ಮುಟ್ಟಬೇಡಿ, ಈಗ ನೀವು ಓಡಿಸುತ್ತಿರುವುದು ಅದನ್ನೇ. ಜಾಗ ಆದ ಮೇಲೆ ಸುಡೊ ಜೊತೆಯೇ 'ಡಿಪಿಕೆಜಿ' ಕಮಾಂಡ್‌ಗೆ ಎರಡು ಹೈಫನ್ ಹಾಕಿ 'ಕಾನ್ಫಿಗರ್', ಮುಂದೆ 'ಹೈಫನ್ ಎ' ಕೊಟ್ಟರೆ ಅರ್ಧ ನಿಂತ ಕೆಲಸ ಮುಗಿಯುತ್ತದೆ. ಈಗ ಮತ್ತೆ ಆಟೋರಿಮೂವ್, ಕೊನೆಗೆ 'ಅಪ್‌ಡೇಟ್ ಹೈಫನ್ ಗ್ರಬ್', ಇವೂ ಸುಡೊ ಜೊತೆಯೇ. ಹೊಸ ನಂಬರಿನ ಇನಿಟ್‌ಆರ್‌ಡಿ ಬಂದಿದೆಯಾ ಅಂತ ಕಣ್ಣಾರೆ ನೋಡಿಯೇ ರೀಸ್ಟಾರ್ಟ್ ಮಾಡಿ.

ಮೆನುವಿನಲ್ಲಿ ಹಳೆ ಕರ್ನಲ್ ಇಲ್ಲವೇ ಇಲ್ಲ ಅಂದರೂ ದಾರಿ ಇದೆ. ಉಬುಂಟು ಐಎಸ್‌ಒ ಫೈಲನ್ನು (ಇನ್‌ಸ್ಟಾಲ್ ಡಿಸ್ಕಿನ ಪ್ರತಿ) ವಿಎಂಗೆ ಸಿಡಿಯಾಗಿ ಹಚ್ಚಿ ಲೈವ್ ಆಗಿ (ಇನ್‌ಸ್ಟಾಲ್ ಮಾಡದೆ) ಬೂಟ್ ಮಾಡಿ, ಫೈಲ್ಸ್‌ನಲ್ಲಿ ಡಿಸ್ಕ್ ಮೇಲೆ ಕ್ಲಿಕ್ ಮಾಡಿ ಪಾಸ್‌ವರ್ಡ್ ಕೊಟ್ಟರೆ ಕನಿಷ್ಠ ಕೋಡ್ ಹೊರಗೆ ತೆಗೆಯಬಹುದು.

ಎಲ್ಲ ಸರಿಯಾಗಿ ಒಂದೆರಡು ದಿನ ಓಡಿದ ಮೇಲೆ ಸ್ನ್ಯಾಪ್‌ಶಾಟ್ ಡಿಲೀಟ್ ಮಾಡಿ. ಬಿಟ್ಟರೆ ಅದು ಬೆಳೆಯುತ್ತಾ ವಿಂಡೋಸ್ ಕಡೆಯ ಡಿಸ್ಕ್ ತುಂಬಿಸುತ್ತದೆ.