ಗೀಸರ್ ಎಷ್ಟು ಡಿಗ್ರಿಗೆ ಇಡಬೇಕು?

ಪ್ರಶ್ನೆ: ಸಾರ್, ನನ್ನ ಮಗಳು ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದಾಳೆ. ಮನೆ ಬೆಚ್ಚಗಿಡುವ ಗ್ಯಾಸ್ ಬಾಯ್ಲರನ್ನು 75 ಡಿಗ್ರಿಯಿಂದ 55ಕ್ಕೆ ಇಳಿಸಿದ ಮೇಲೆ ಗ್ಯಾಸ್ ಉಳಿಯುತ್ತಿದೆ ಅಂತಾಳೆ. ನಮ್ಮದು 25 ಲೀಟರಿನ ಕರೆಂಟ್ ಗೀಸರ್. ನಾವೂ ಇಳಿಸಬೇಕಾ? ದಿನವಿಡೀ ಆನ್ ಇಟ್ಟರೆ ಕರೆಂಟ್ ಜಾಸ್ತಿಯಾ, ಪ್ರತಿಸಲ ಆರಿಸಿ ಹಾಕಿದರೆ ಜಾಸ್ತಿಯಾ? ಚಳಿಗಾಲದಲ್ಲಿ ಗೃಹಜ್ಯೋತಿಯ 200 ಯೂನಿಟ್ ದಾಟಿಹೋಗುತ್ತಿದೆ.
– ಓದುಗರು, ಶಿಡ್ಲಘಟ್ಟ

ಉತ್ತರ: ಅಮ್ಮ, ಮಗಳು ಹೇಳಿದ್ದು ಅವರ ಮನೆಗೆ ನೂರಕ್ಕೆ ನೂರು ಸರಿ. 2005ರಿಂದ ಅಲ್ಲಿ ಕೂರಿಸುವ ಗ್ಯಾಸ್ ಬಾಯ್ಲರ್‌ಗಳು ಹೆಚ್ಚಾಗಿ ಕಂಡೆನ್ಸಿಂಗ್ ಜಾತಿಯವು. ಬಿಸಿನೀರು ಕೋಣೆಗಳ ರೇಡಿಯೇಟರ್‌ಗಳಲ್ಲಿ ಸುತ್ತಿ ಬಾಯ್ಲರಿಗೆ ವಾಪಸ್ ಬರುತ್ತದೆ. ಗ್ಯಾಸ್ ಉರಿದಾಗ ಹೊಗೆಯ ಜೊತೆ ನೀರಾವಿಯೂ ಹುಟ್ಟುತ್ತದೆ. ವಾಪಸ್ ಬರುವ ನೀರು ಸುಮಾರು 55 ಡಿಗ್ರಿಗಿಂತ ಕೆಳಗಿದ್ದರೆ ಆ ಆವಿ ಒಳಗೇ ನೀರಾಗಿ ತನ್ನ ಶಾಖವನ್ನು ಬಿಟ್ಟುಕೊಡುತ್ತದೆ. ಇಲ್ಲದಿದ್ದರೆ ಶಾಖದ ಸಮೇತ ಕೊಳವೆಯಿಂದ ಹೊರಗೆ ಹೋಗುತ್ತದೆ.

ನಮ್ಮ ಗೀಸರಿನಲ್ಲಿ ಹೊಗೆಯೂ ಇಲ್ಲ, ಕೊಳವೆಯೂ ಇಲ್ಲ. ಕಾಯಿಲ್ ನೀರಿನಲ್ಲೇ ಮುಳುಗಿರುತ್ತದೆ. ತಿಂದ ಕರೆಂಟನ್ನೆಲ್ಲ ನೀರಿಗೇ ಕೊಡುತ್ತದೆ. ಸೋರಿಕೆ ಆಗುವುದು ಟ್ಯಾಂಕಿನ ಗೋಡೆಯಿಂದ. ಬಿಸಿನೀರು ಎಷ್ಟು ಹೊತ್ತು ಸುಮ್ನೆ ಕೂತಿರುತ್ತದೋ ಅಷ್ಟೂ ಹೊತ್ತು ನಷ್ಟ. ಆದ್ದರಿಂದ ದಿನವಿಡೀ ಆನ್ ಇಡಬೇಡಿ. "ತಣ್ಣಗಾದದ್ದನ್ನು ಮತ್ತೆ ಕಾಯಿಸಲು ಜಾಸ್ತಿ ಕರೆಂಟ್ ಬೇಕಲ್ವಾ?" ಎಂದು ಅಂಗಡಿಗೆ ಬಂದವರೆಲ್ಲ ಕೇಳುತ್ತಾರೆ. ಬೇಡ. ಆರಿಸಿಟ್ಟ ನೀರು ತಣ್ಣಗಾದಷ್ಟೂ ಶಾಖ ಬಿಡುವುದು ಕಡಿಮೆಯಾಗುತ್ತದೆ. ಆನ್ ಇದ್ದರೆ ಅದೇ ವೇಗದಲ್ಲಿ ಬಿಡುತ್ತಲೇ ಇರುತ್ತದೆ.

20 ಡಿಗ್ರಿಯ 25 ಲೀಟರ್ ನೀರು 60ಕ್ಕೆ ಏರಲು ಸುಮಾರು 1.2 ಯೂನಿಟ್ ಬೇಕು. 2000 ವ್ಯಾಟ್ ಕಾಯಿಲ್ ಆದರೆ 35 ನಿಮಿಷ. ತಣ್ಣೀರು ಬೆರೆಸಿದರೆ 40 ಡಿಗ್ರಿಯ ಸುಮಾರು 50 ಲೀಟರ್ ಸ್ನಾನದ ನೀರಾಗುತ್ತದೆ, ಅಂದರೆ ಎರಡೂವರೆ ಬಕೆಟ್. ದಿನಕ್ಕೊಮ್ಮೆ ಕಾಯಿಸಿದರೆ ತಿಂಗಳಿಗೆ 36 ಯೂನಿಟ್, ಎರಡು ಸಲವಾದರೆ 72. ನಿಮ್ಮ 200 ದಾಟುವುದು ಇಲ್ಲೇ ಇರಬಹುದು. ಮನೆಯವರೆಲ್ಲ ಬೆಳಿಗ್ಗೆ ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸಿ. ಮುಗಿದ ತಕ್ಷಣ ಸ್ವಿಚ್ ಆರಿಸಿ.

ಗುಂಡಿಯನ್ನು 55ರಿಂದ 60ರ ನಡುವೆ ಇಡಿ. ತೀರಾ ಕೆಳಗಿಟ್ಟರೆ ಉಗುರುಬೆಚ್ಚಗಿನ ನೀರಿನಲ್ಲಿ ರೋಗಾಣು ಬೆಳೆಯಬಹುದು. 60 ದಾಟಿಸಿದರೆ ನಮ್ಮ ಬೋರ್ ನೀರು ಇನ್ನೂ ಬೇಗ ಸುಣ್ಣ ಕಟ್ಟುತ್ತದೆ. ಹೊಸದು ಕೊಳ್ಳುವಾಗ ಸ್ಟಾರ್ ಚೀಟಿಯಲ್ಲಿ 24 ಗಂಟೆಗೆ ಎಷ್ಟು ಯೂನಿಟ್ ನಷ್ಟ ಎಂದು ಬರೆದಿರುತ್ತದೆ, ಅದನ್ನು ನೋಡಿ.

ಪ್ರಶ್ನೆ: ಗೀಸರ್ ಹಾಕಿದರೆ ಸುಂಯ್ ಅಂತ ಸದ್ದು ಬರುತ್ತದೆ. ಒಂದೇ ವರ್ಷದಲ್ಲಿ ಎರಡನೇ ಕಾಯಿಲ್ ಹೋಯಿತು. ಕಂಪನಿ ಸರಿಯಿಲ್ಲವಾ?
– ಓದುಗರು, ಚಿಂತಾಮಣಿ

ಉತ್ತರ: ಕಂಪನಿಗಿಂತ ಮೊದಲು ನೀರನ್ನು ನೋಡಿ. ಬಿ.ಬಿ. ರಸ್ತೆಯ ನನ್ನ ಅಂಗಡಿಗೆ ಬರುವ ಕಾಯಿಲ್‌ಗಳ ಮೇಲೆ ಬೆರಳು ದಪ್ಪ ಬಿಳಿ ಪದರ ಇರುತ್ತದೆ. ಕೆರೆದರೆ ಮೊಟ್ಟೆಯ ಚಿಪ್ಪಿನ ಹಾಗೆ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಸುಣ್ಣ ಕಟ್ಟಿದರೆ ಕರೆಂಟ್ ಬಹಳ ಏರುತ್ತದೆ ಎಂದು ಹೇಳುವವರಿದ್ದಾರೆ. ಗೀಸರಿನಲ್ಲಿ ಹಾಗಾಗುವುದಿಲ್ಲ, ಶಾಖ ನಿಧಾನವಾಗಿ ನೀರಿಗೇ ಸೇರುತ್ತದೆ. ತೊಂದರೆ ಕಾಯಿಲಿಗೆ. ಶಾಖ ಬೇಗ ಬಿಡಲಾಗದೆ ಅದು ಒಳಗೇ ಕೆಂಪಗೆ ಕಾದು ಒಡೆಯುತ್ತದೆ.

ವರ್ಷಕ್ಕೊಮ್ಮೆ ಬಿಚ್ಚಿಸಿ. ಮೊದಲು ಎಂಸಿಬಿ ಆರಿಸಿ, ನೀರು ಇಳಿಸಿ. ಸುತ್ತಿಗೆಯಲ್ಲಿ ಬಡಿಯಲು ಬಿಡಬೇಡಿ, ವಿನೆಗರಿನಲ್ಲಿ ನೆನೆಸಿದರೆ ಸುಣ್ಣ ಬಿಡುತ್ತದೆ. ಜೊತೆಗೆ ಆನೋಡ್ ರಾಡ್ ತೋರಿಸಿ ಎಂದು ಕೇಳಿ. ಟ್ಯಾಂಕಿಗೆ ತುಕ್ಕು ಹಿಡಿಯದಂತೆ ತಾನೇ ಸವೆಯುವ ಮೆಗ್ನೀಷಿಯಂ ಸರಳು ಅದು. ಒಳಗಿನ ತಂತಿ ಕಾಣುವಷ್ಟು ಸವೆದಿದ್ದರೆ ಕಾಯಿಲಿನ ಜೊತೆಗೇ ಅದನ್ನೂ ಹೊಸದು ಹಾಕಿಸಿ.