ಕೆಸುವಿನೆಲೆ ಆಗದ ಗಾಜು

ಕಾರಿನ ಮುಂದಿನ ಗಾಜಿಗೆ ಹಚ್ಚುವ, ನೀರು ಜಾರಿಸುವ ದ್ರಾವಣದ ಬಗ್ಗೆ ಉತ್ತರ ಕನ್ನಡದ ಓದುಗರು ಕೇಳಿದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಮುಂಗಾರು ಸಾಮಾನ್ಯವಾಗಿ ಜೂನ್ ಮೊದಲ ವಾರದಲ್ಲಿ ನಮ್ಮ ಕರಾವಳಿ ಮುಟ್ಟುತ್ತದೆ. ಹಚ್ಚುವವರು ಅದಕ್ಕೆ ಮೊದಲೇ ಹಚ್ಚಿ ಮುಗಿಸಬೇಕು.

ಪ್ರಶ್ನೆ: ಅಂಗಡಿಯಲ್ಲಿ ಕೊಟ್ಟ ಲಿಕ್ವಿಡ್ ಹಚ್ಚಿದೆ. ಎರಡು ದಿನ ನೀರು ಮುತ್ತಿನ ಹಾಗೆ ಓಡುತ್ತಿತ್ತು. ಮೂರನೇ ದಿನದಿಂದ ರಾತ್ರಿ ಎದುರಿನ ಗಾಡಿಯ ಲೈಟು ಬಿದ್ದರೆ ಗಾಜಿನ ಮೇಲೆ ಹಾಲು ಚೆಲ್ಲಿದ ಹಾಗೆ ಕಾಣುತ್ತದೆ. ಲಿಕ್ವಿಡ್ ಡುಪ್ಲಿಕೇಟ್ ಇರಬಹುದೇ?
– ಟ್ಯಾಕ್ಸಿ ಚಾಲಕರು, ಕಾರವಾರ

ಉತ್ತರ: ಲಿಕ್ವಿಡ್ ಮೇಲೆ ಅನುಮಾನ ಪಡುವ ಮೊದಲು ಗಾಜಿನ ಮೇಲೆ ಅನುಮಾನ ಪಡಿ. ಈ ಲಿಕ್ವಿಡ್ ಬಣ್ಣದ ಹಾಗೆ ಮೇಲೆ ಕೂರುವ ವಸ್ತುವಲ್ಲ. ಅದರಲ್ಲಿನ ಸಿಲಿಕೋನ್, ದುಬಾರಿ ಬಗೆಯಲ್ಲಾದರೆ ಫ್ಲೋರಿನ್ ಇರುವ ಸಿಲೇನ್ ಎಂಬ ರಾಸಾಯನಿಕ, ನೇರವಾಗಿ ಗಾಜಿನ ಮೈಯನ್ನೇ ಹಿಡಿಯಬೇಕು. ನಡುವೆ ಎಣ್ಣೆ, ಮೇಣ, ಉಪ್ಪು ಇದ್ದರೆ ಅದು ಹಿಡಿಯುವುದು ಕೊಳೆಯನ್ನು. ವೈಪರ್ ನಾಲ್ಕು ಸಲ ಆಡಿದರೆ ಕೊಳೆಯ ಜೊತೆಗೇ ಎದ್ದು ಗಾಜಿನ ತುಂಬ ಹರಡುತ್ತದೆ. ನಿಮಗೆ ಕಾಣುವ ಹಾಲು ಅದೇ.

ಕಾರವಾರದಲ್ಲಿ ಹೆದ್ದಾರಿಯೇ ಟಾಗೋರ್ ಕಡಲತೀರದ ಮಗ್ಗುಲಲ್ಲಿ ಹೋಗುತ್ತದೆ. ಕಡಲ ಗಾಳಿಗೆ ಮುಖ ಮಾಡಿ ನಿಂತ ಗಾಡಿಯ ಗಾಜಿನ ಮೇಲೆ ಬೆಳಗಾಗುವುದರೊಳಗೆ ಉಪ್ಪಿನ ಪೊರೆ ಕೂತಿರುತ್ತದೆ. ಉಪ್ಪು ಗಾಳಿಯ ತೇವ ಎಳೆದುಕೊಂಡು ಜಿಗುಟಾಗುತ್ತದೆ, ಆ ಜಿಗುಟಿಗೆ ಡೀಸೆಲ್ ಹೊಗೆ, ಚಿರೆಕಲ್ಲಿನ ಕೆಂಪು ಧೂಳು ಹಿಡಿಯುತ್ತವೆ. ಒಣ ಬಟ್ಟೆಯಲ್ಲಿ ಒರೆಸಲು ಹೋದರೆ ಗೀರು ಖಂಡಿತ.

ಮೊದಲು ಸಿಹಿನೀರು ಧಾರಾಳ ಹೊಯ್ದು ಉಪ್ಪು ಕರಗಿಸಿ. ಆಮೇಲೆ ಕಾರ್ ಶಾಂಪೂ, ಆದರೆ ವ್ಯಾಕ್ಸ್ ಬೆರೆತದ್ದು ಬೇಡ. ತೊಳೆದ ಮೇಲೆ ತೆಳು ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿ ಗಾಜು ಸವರಿ ನೋಡಿ. ಬರಿಗೈಗೆ ನುಣುಪಾಗಿ ಕಂಡ ಗಾಜು ಚೀಲದೊಳಗಿನ ಬೆರಳಿಗೆ ರವೆ ಉದುರಿಸಿದ ಹಾಗೆ ಸಿಗುತ್ತದೆ. ಹಾಗೆ ಸಿಕ್ಕ ಜಾಗವನ್ನು ಶಾಂಪೂ ನೀರು ಚಿಮುಕಿಸುತ್ತ ಕ್ಲೇ ಬಾರ್‌ನಿಂದ (ಅಂಟಿದ ಕೊಳೆ ಎತ್ತುವ ಮೆತ್ತನೆಯ ಜೇಡಿಯಂಥ ಉಂಡೆ) ಉಜ್ಜಬೇಕು. ಕ್ಲೇ ನೆಲಕ್ಕೆ ಬಿದ್ದರೆ ಅಷ್ಟೇ, ಮತ್ತೆ ಗಾಜಿಗೆ ತಾಗಿಸಬೇಡಿ.

ವರ್ಷಗಟ್ಟಲೆ ಕೂತ ಎಣ್ಣೆಯ ಪೊರೆ ಕ್ಲೇಗೂ ಜಗ್ಗುವುದಿಲ್ಲ. ಅದಕ್ಕೆ ಗಾಜು ಪಾಲಿಶ್ ಮಾಡುವ ಸೀರಿಯಂ ಆಕ್ಸೈಡ್ ಪುಡಿ ಬೇಕು. ಎರಡು ಚಮಚ ಪುಡಿಗೆ ನೀರು ಸೇರಿಸಿ ದೋಸೆಹಿಟ್ಟಿನ ಹದಕ್ಕೆ ಕಲಸಿ, ಸ್ಪಂಜಿನಲ್ಲಿ ಒಂದೊಂದೇ ಅಡಿ ಜಾಗ ಉಜ್ಜಿ. ಒಣಗಲು ಬಿಡಬೇಡಿ. ಸುತ್ತಲ ರಬ್ಬರಿಗೆ ಮಾಸ್ಕಿಂಗ್ ಟೇಪ್ ಹಚ್ಚದಿದ್ದರೆ ಪುಡಿ ಸಂದಿಯಲ್ಲಿ ಕೂತು ವಾರಗಟ್ಟಲೆ ಇಣುಕುತ್ತದೆ.

ಗಾಜು ಸ್ವಚ್ಛವಾಯಿತೋ ಇಲ್ಲವೋ ತಿಳಿಯಲು ಒಂದು ತಂಬಿಗೆ ನೀರು ಸಾಕು. ಮೇಲಿನಿಂದ ಹೊಯ್ಯಿರಿ. ನೀರು ಹಾಳೆಯ ಹಾಗೆ ಒಂದೇ ಸಮ ಇಳಿದರೆ ಸರಿ. ಎಲ್ಲಿ ಹಾಳೆ ಹರಿದು ಹನಿಯಾಯಿತೋ ಅಲ್ಲಿ ಎಣ್ಣೆ ಉಳಿದಿದೆ, ಮತ್ತೆ ಉಜ್ಜಿ. ಕೊನೆಯಲ್ಲಿ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ ಒಣಗಿಸಿ.

ಹಚ್ಚುವುದು ಇದರ ಮುಂದೆ ಸಣ್ಣ ಕೆಲಸ. ಗಾಡಿ ನೆರಳಲ್ಲಿರಲಿ, ಗಾಜು ಕೈಗೆ ಬಿಸಿ ತಾಗಬಾರದು. ಸಣ್ಣ ಕಾರಿನ ಗಾಜಿಗೆ ಒಂದು ಸಲಕ್ಕೆ 5ರಿಂದ 8 ಮಿ.ಲೀ. ಸಾಕು. ಅರ್ಧ ಗಾಜು ಒಂದು ಸಲ, ಇನ್ನರ್ಧ ಇನ್ನೊಂದು ಸಲ. ಅಡ್ಡಕ್ಕೆ ಒಮ್ಮೆ, ಉದ್ದಕ್ಕೆ ಒಮ್ಮೆ ಹಚ್ಚಿ. ಐದರಿಂದ ಹತ್ತು ನಿಮಿಷದಲ್ಲಿ ಮಂಜು ಕವಿದಂತೆ ಬೆಳ್ಳಗಾಗುತ್ತದೆ. ಆಗ ನೀರಲ್ಲಿ ಅದ್ದಿ ಹಿಂಡಿದ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ, ಬಳಿಕ ಒಣ ಬಟ್ಟೆಯಲ್ಲಿ ತಿಕ್ಕಿ. ಇನ್ನೊಂದು ಕೋಟು ಇದೇ ರೀತಿ. ಆ ರಾತ್ರಿ ಗಾಡಿ ಮಾಡಿನ ಕೆಳಗಿರಲಿ, ವೈಪರ್ ಮುಟ್ಟಬೇಡಿ.

ಪ್ರಶ್ನೆ: ಕುಮಟಾದಿಂದ ಹೊನ್ನಾವರದವರೆಗೆ ಹೆದ್ದಾರಿಯಲ್ಲಿ ವೈಪರ್ ಹಾಕುವುದೇ ಬೇಡ ಅನ್ನಿಸಿತು. ಅದೇ ದಿನ ಸಂಜೆ ದೇವಿಮನೆ ಘಟ್ಟ ಹತ್ತುವಾಗ ಗಾಜಿನ ತುಂಬ ಹನಿಯೋ ಹನಿ, ಮೊದಲಿಗಿಂತ ಕಷ್ಟವಾಯಿತು. ಎಂತಕ್ಕೆ ಹೀಗೆ?
– ಓದುಗರು, ಶಿರಸಿ

ಉತ್ತರ: ಕೆಸುವಿನೆಲೆಯನ್ನು ಚೂರು ಓರೆ ಮಾಡಿದರೆ ಸಾಕು, ಹನಿ ಉರುಳಿ ಹೋಗುತ್ತದೆ. ಎಲೆಯ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಬುಟುಗಳಿವೆ, ಅವುಗಳ ಮೇಲೆ ಮೇಣ. ಹನಿ ಗುಬುಟಿನ ತುದಿಯಲ್ಲಷ್ಟೇ ಕೂರುತ್ತದೆ. ಗಾಜಿಗೆ ಈ ಗುಬುಟು ಇಲ್ಲ. ಇದ್ದರೆ ಅದರ ಮೂಲಕ ರಸ್ತೆಯೂ ಕಾಣುತ್ತಿರಲಿಲ್ಲ. ಎಲೆಯ ಮೇಲೆ ನೀರಿನ ಸ್ಪರ್ಶಕೋನ, ಅಂದರೆ ಹನಿಯ ಅಂಚು ಮೇಲ್ಮೈ ಜೊತೆ ಮಾಡುವ ಕೋನ, 150 ಡಿಗ್ರಿ ದಾಟಿದರೆ, ದ್ರಾವಣ ಹಚ್ಚಿದ ನುಣುಪು ಗಾಜಿನ ಮೇಲೆ 100–110ರ ಆಸುಪಾಸು. ಹನಿ ಗುಂಡಗಾಗುತ್ತದೆ ನಿಜ, ಆದರೆ ತಳವೂರಿ ಕೂರುತ್ತದೆ. ಅದನ್ನು ತಳ್ಳಲು ಗಾಳಿ ಬೇಕು, ಆ ಗಾಳಿ ಗಂಟೆಗೆ ಸುಮಾರು 60 ಕಿ.ಮೀ. ವೇಗದ ಮೇಲೆ ಮಾತ್ರ ಸಿಗುತ್ತದೆ. ದೊಡ್ಡ ಹನಿ ಬೇಗ ಹೊರಡುತ್ತದೆ, ಜಿನುಗು ಮಳೆಯ ಸಾಸಿವೆ ಹನಿ ಹೊರಡುವುದೇ ಇಲ್ಲ. ದೇವಿಮನೆಯ ತಿರುವಿನಲ್ಲಿ 25–30ರಲ್ಲಿ ಹೋಗುವ ಗಾಡಿಗೆ ಆ ಗಾಳಿ ಎಲ್ಲಿಂದ ಬರಬೇಕು? ಪ್ರತಿ ಹನಿಯೂ ಎದುರಿನ ಲೈಟನ್ನು ಚದುರಿಸುತ್ತ ಅಲ್ಲೇ ಇರುತ್ತದೆ.

ಘಟ್ಟದಲ್ಲಿ ವೈಪರ್ ನಿಲ್ಲಿಸಬೇಡಿ. ವಾರದಲ್ಲಿ ನಾಲ್ಕು ರಾತ್ರಿ ದೇವಿಮನೆಯನ್ನೋ ಅರಬೈಲನ್ನೋ ಹತ್ತಿಳಿಯುವವರು ಮುಂದಿನ ಗಾಜಿಗೆ ಇದನ್ನು ಹಚ್ಚದಿರುವುದೇ ಲೇಸು ಎಂಬುದು ನಮ್ಮ ಅಭಿಪ್ರಾಯ. ಆ ದುಡ್ಡಿಗೆ ಒಳ್ಳೆ ವೈಪರ್ ಬ್ಲೇಡು ಬರುತ್ತದೆ. ಮುಂದಿನ ಎರಡು ಬಾಗಿಲ ಗಾಜಿಗೆ ಹಚ್ಚಿ. ಅಲ್ಲಿ ವೈಪರ್ ಇಲ್ಲ, ಕನ್ನಡಿ ನೋಡಬೇಕಾದದ್ದು ಆ ಗಾಜಿನ ಮೂಲಕವೇ.

ಪ್ರಶ್ನೆ: ಹಚ್ಚಿದ ಮೇಲೆ ವೈಪರ್ ಟಕಟಕ ಹಾರುತ್ತದೆ. ಬ್ಲೇಡಿಗೆ ಎಣ್ಣೆ ಸವರಲೇ?
– ಓದುಗರು, ಅಂಕೋಲಾ

ಉತ್ತರ: ಬೇಡವೇ ಬೇಡ. ಎಣ್ಣೆ ರಬ್ಬರನ್ನು ಉಬ್ಬಿಸುತ್ತದೆ, ಗಾಜನ್ನು ಕುರುಡು ಮಾಡುತ್ತದೆ. ಬರೀ ಗಾಜಿನ ಮೇಲೆ ನೀರಿನ ಪದರವೇ ರಬ್ಬರಿಗೆ ಎಣ್ಣೆಯ ಕೆಲಸ ಮಾಡುತ್ತಿರುತ್ತದೆ. ದ್ರಾವಣ ಹಚ್ಚಿದ ಗಾಜಿನ ಮೇಲೆ ಆ ಪದರ ಒಡೆದು ಹನಿಯಾಗುವುದರಿಂದ ರಬ್ಬರು ಹೆಚ್ಚುಕಡಿಮೆ ಒಣಗಾಜಿನ ಮೇಲೆ ಓಡಬೇಕಾಗುತ್ತದೆ. ಸರಿಯಾಗಿ ಒರೆಸದೆ ಬಿಟ್ಟ ದ್ರಾವಣ ಇದ್ದರಂತೂ ಹಿಡಿಯುತ್ತದೆ, ಬಿಡುತ್ತದೆ, ಹಾರುತ್ತದೆ.

ಹೋಗುವಾಗ ಮಾತ್ರ ಹಾರುತ್ತದೆಯೋ, ಬರುವಾಗಲೂ ಹಾರುತ್ತದೆಯೋ ಗಮನಿಸಿ. ಒಂದೇ ದಿಕ್ಕಿನಲ್ಲಾದರೆ ವೈಪರಿನ ತೋಳು ತಿರುಚಿದೆ. ರಬ್ಬರಿನ ಅಂಚು ಗಾಜಿಗೆ ನೆಟ್ಟಗೆ ನಿಲ್ಲಬೇಕು, ಒಂದು ಬದಿಗೆ ಮಲಗಿರಬಾರದು. ತೋಳನ್ನು ಕೂದಲೆಳೆಯಷ್ಟು ತಿರುಗಿಸುವ ಈ ಕೆಲಸ ಮೆಕ್ಯಾನಿಕ್ ಮಾಡಲಿ. ಎರಡೂ ದಿಕ್ಕಿನಲ್ಲಾದರೆ ಗಾಜನ್ನು ಒದ್ದೆ ಬಟ್ಟೆಯಲ್ಲಿ ಮತ್ತೊಮ್ಮೆ ಚೆನ್ನಾಗಿ ತಿಕ್ಕಿ, ಆಲ್ಕೊಹಾಲ್ ಅದ್ದಿದ ಬಟ್ಟೆಯಲ್ಲಿ ರಬ್ಬರಿನ ಅಂಚನ್ನು ಕಪ್ಪು ಬರುವುದು ನಿಲ್ಲುವವರೆಗೆ ಎಳೆಯಿರಿ. ಆಗಲೂ ನಿಲ್ಲದಿದ್ದರೆ ರಬ್ಬರು ಬಿಸಿಲಿಗೆ ಗಟ್ಟಿಯಾಗಿದೆ, ಬದಲಿಸಿ. ಎಷ್ಟೋ ಕಾರುಗಳಲ್ಲಿ ಚಾಲಕನ ಬದಿಯ ಬ್ಲೇಡು ಉದ್ದ, ಇನ್ನೊಂದು ಗಿಡ್ಡ. ಎರಡನ್ನೂ ಅಳೆದು ತನ್ನಿ.

ಪ್ರಶ್ನೆ: ಮಳೆ ಹಿಡಿದ ಮೇಲೆ, ಜುಲೈಯಲ್ಲಿ ಹಚ್ಚಬಹುದೇ?
– ಓದುಗರು, ಹೊನ್ನಾವರ

ಉತ್ತರ: ಹಚ್ಚಬಹುದು, ಹೆಚ್ಚು ದಿನ ಬಾಳುವ ಆಸೆ ಇಟ್ಟುಕೊಳ್ಳಬೇಡಿ. ಬಟ್ಟೆ ಒಣಗದ ಹವೆಯಲ್ಲಿ ಗಾಜೂ ಒಣಗುವುದಿಲ್ಲ. ಕಣ್ಣಿಗೆ ಕಾಣದ ತೇವ ಇದ್ದೇ ಇರುತ್ತದೆ. ಗಾಡಿಯನ್ನು ಶೆಡ್ಡಿನ ಹೊರಬಾಯಿಯಲ್ಲಿ ನಿಲ್ಲಿಸಿ, ಎಂಜಿನ್ ಚಾಲೂ ಮಾಡಿ ಹೀಟರಿನ ಬಿಸಿಗಾಳಿಯನ್ನು ಒಳಗಿನಿಂದ ಗಾಜಿಗೆ ಹತ್ತು ನಿಮಿಷ ಬಿಡಿ. ಮುಚ್ಚಿದ ಶೆಡ್ಡಿನೊಳಗೆ ಎಂಜಿನ್ ಓಡಿಸಬೇಡಿ, ಹೊಗೆ ಪ್ರಾಣಕ್ಕೆ ಅಪಾಯ. ಗಾಜು ಉಗುರುಬೆಚ್ಚಗಾದ ಮೇಲೆ ಹೀಟರ್ ನಿಲ್ಲಿಸಿ ಹಚ್ಚಿ. ಎಷ್ಟು ದಿನ ಬರುತ್ತದೆ ಎಂಬುದು ಕ್ಯಾಲೆಂಡರಿಗಿಂತ ವೈಪರ್ ಎಷ್ಟು ಓಡಿತು ಎಂಬುದರ ಮೇಲಿದೆ. ಅಂಚಿನಲ್ಲಿ ಹನಿ ಗುಂಡಗಿದ್ದು, ವೈಪರ್ ಓಡುವ ಕಮಾನಿನೊಳಗೆ ನೀರು ಚಪ್ಪಟೆಯಾಗಿ ಹರಡಿದರೆ ಅಲ್ಲಿ ಸವೆದಿದೆ ಎಂದರ್ಥ.

ಪ್ರಶ್ನೆ: ಹಿಂದೆ ಲಾರಿಯವರು ಆಲೂಗಡ್ಡೆ, ಬೀಡಿ ತಂಬಾಕು ಉಜ್ಜುತ್ತಿದ್ದರು. ಅದು ಸುಳ್ಳೇ?
– ಓದುಗರು, ಕುಮಟಾ

ಉತ್ತರ: ಸುಳ್ಳಲ್ಲ, ಆದರೆ ಕೆಲಸ ತಿರುಗುಮುರುಗು. ಅವು ಹನಿಯನ್ನು ಓಡಿಸುವುದಿಲ್ಲ, ನೀರನ್ನು ತೆಳು ಹಾಳೆಯಾಗಿ ಹರಡುತ್ತವೆ. ಹಾಳೆಯ ಮೂಲಕ ರಸ್ತೆ ಕಾಣುತ್ತದೆ. ಜೋರು ಮಳೆಗೆ ಸ್ವಲ್ಪ ಹೊತ್ತಲ್ಲೇ ತೊಳೆದು ಹೋಗುತ್ತದೆ. ನಡುದಾರಿಯಲ್ಲಿ ವೈಪರ್ ಕೆಟ್ಟರೆ ಗಾಡಿಯನ್ನು ಬದಿಗೆ ತರುವಷ್ಟಕ್ಕೆ ಆದೀತು. ತೆಂಗಿನೆಣ್ಣೆ, ಸೀಮೆಎಣ್ಣೆ ಮಾತ್ರ ಮುಟ್ಟಿಸಬೇಡಿ.

ಪ್ರಶ್ನೆ: ಗಾಜಿನ ಒಳಗೂ ಹಚ್ಚಿದರೆ ಮಬ್ಬು ಕಟ್ಟುವುದು ನಿಲ್ಲುತ್ತದೆಯೇ?
– ಓದುಗರು, ಯಲ್ಲಾಪುರ

ಉತ್ತರ: ಇಲ್ಲ, ಹೆಚ್ಚಾಗುತ್ತದೆ. ಮಬ್ಬು ಎಂದರೇನೇ ಸಾವಿರಾರು ಸಣ್ಣ ಹನಿ. ಹನಿಯನ್ನು ಗುಂಡಗೆ ಮಾಡುವ ವಸ್ತು ಅಲ್ಲಿ ಶತ್ರು. ಒಳಗಿನ ಗಾಜು ಶುಚಿಯಾಗಿರಲಿ, ಎಸಿ ಹಾಕಿ, ಹೊರಗಿನ ಗಾಳಿ ಬರುವ ಕಡೆಗೆ ಗುಂಡಿ ತಿರುಗಿಸಿ. ಕಾಲಡಿಯ ಮ್ಯಾಟು ಒದ್ದೆ ಇದ್ದರೆ ಎಸಿಗೂ ಸಾಗುವುದಿಲ್ಲ, ತೆಗೆದು ಒಣಗಿಸಿ. ಮಬ್ಬು ಹೊರಗಿನ ಮೈಯಲ್ಲಿದ್ದರೆ ಎಸಿ ಗಾಜನ್ನು ಅತಿ ತಣ್ಣಗೆ ಮಾಡಿದೆ. ಆಗ ವೈಪರ್ ಒಮ್ಮೆ ಆಡಿಸಿ, ತಂಪು ಕಡಿಮೆ ಮಾಡಿ.

ಪ್ರಶ್ನೆ: ಬೈಕಿನ ಹೆಲ್ಮೆಟ್ಟಿಗೂ ಇದೇ ಬಾಟಲಿ ಆಗುತ್ತದೆಯೇ?
– ವಿದ್ಯಾರ್ಥಿ, ಸಿದ್ದಾಪುರ

ಉತ್ತರ: ಆಗುವುದಿಲ್ಲ. ಹೆಲ್ಮೆಟ್ಟಿನ ಮುಂದಿನ ಪರದೆ ಸಾಮಾನ್ಯವಾಗಿ ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್. ಗಾಜಿನ ದ್ರಾವಣದಲ್ಲಿನ ಆಲ್ಕೊಹಾಲ್, ಆಮ್ಲಗಳಿಗೆ ಅದರ ಮೇಲಿನ ಲೇಪ ಮಂಕಾಗಬಹುದು, ಸಣ್ಣ ಬಿರುಕೂ ಬಿಡಬಹುದು. ಪ್ಲಾಸ್ಟಿಕ್ಕಿಗೆ ಆಗುತ್ತದೆ ಎಂದು ಬಾಟಲಿಯ ಮೇಲೆ ಬರೆದದ್ದನ್ನೇ ಕೊಳ್ಳಿ, ಮೊದಲು ಒಂದು ಮೂಲೆಯಲ್ಲಿ ಹಚ್ಚಿ ಒಂದು ದಿನ ನೋಡಿ.