ಎಸಿಎಲ್ ಹರಿದ ರಗ್ಬಿ ಆಟಗಾರ್ತಿ ಮತ್ತೆ ದೇಶಕ್ಕಾಗಿ ಆಡಬಹುದಾ? ಆರು ತಿಂಗಳು ಸಾಕಾ?

ನೀವು ಬರೆದದ್ದು ಇಷ್ಟು: ಕೋಲಾರದ ಮೈದಾನದಲ್ಲಿ ಅಭ್ಯಾಸ ಮಾಡುವಾಗ ನಿಮ್ಮ ತಂಗಿ ಓಡುತ್ತಲೇ ಪಕ್ಕಕ್ಕೆ ತಿರುಗಿದಳು, ಮಂಡಿಯೊಳಗೆ ‘ಟಪ್’ ಅಂತ ಸದ್ದಾಯಿತು, ಸಂಜೆಯೊಳಗೆ ಮಂಡಿ ಊದಿತು. ಮಂಡಿಯನ್ನು ಹಿಡಿದಿಡುವ ಎಸಿಎಲ್ ಎಂಬ ನಾರು ಪೂರ್ತಿ ಹರಿದಿದೆ, ಒಳಬದಿಯ ಮೆನಿಸ್ಕಸ್ (ಮಂಡಿಯ ಮೂಳೆಗಳ ನಡುವಿನ ಮೆತ್ತೆ) ಸೀಳಿದೆ ಎಂದು ಎಂಆರ್‌ಐ ಹೇಳುತ್ತಿದೆ. ವಯಸ್ಸು 19, ಸೆವೆನ್ಸ್ (ತಂಡಕ್ಕೆ ಏಳು ಮಂದಿಯ ರಗ್ಬಿ) ತಂಡದ ರಾಷ್ಟ್ರೀಯ ಶಿಬಿರಕ್ಕೆ ಕರೆ ಬಂದಿದೆ. ಮನೆಯ ಹಿರಿಯರು ಪುತ್ತೂರು ಕಟ್ಟು ಅನ್ನುತ್ತಾರೆ, ಡಾಕ್ಟರು ಆಪರೇಷನ್ ಅನ್ನುತ್ತಾರೆ, ತಂಗಿ ‘ಆರು ತಿಂಗಳಲ್ಲಿ ಆಡ್ತೀನಿ’ ಅನ್ನುತ್ತಾಳೆ.

ಮತ್ತೆ ಆಡಬಹುದು. ಆರು ತಿಂಗಳಲ್ಲಿ ಬೇಡ. ಇಂಥ ಹುಡುಗಿಯರ ಆಟ ಮುಗಿಯುವುದು ಬಹಳ ಸಲ ಮೊದಲ ಗಾಯದಿಂದಲ್ಲ, ನೋವು ಹೋಯಿತು ಅಂತ ಬೇಗ ಮೈದಾನಕ್ಕಿಳಿದಾಗ ಆಗುವ ಎರಡನೆಯ ಗಾಯದಿಂದ.

ಮೊದಲು ಕಟ್ಟಿನ ವಿಚಾರ. ಕಟ್ಟಿನ ಮೇಲೆ ನಮ್ಮ ಕಡೆ ಜನರಿಗಿರುವ ನಂಬಿಕೆ ಮೂಳೆಯದು. ಎಸಿಎಲ್ ಮೂಳೆಯಲ್ಲ, ಮಂಡಿಯ ನಡುವೆ ಇರುವ ನಾರಿನ ಹಗ್ಗ. ಕಣಕಾಲಿನ ಮೂಳೆ ಮುಂದಕ್ಕೆ ಜಾರದಂತೆ, ಮಂಡಿ ತಿರುಚಿಕೊಳ್ಳದಂತೆ ಅದು ಹಿಡಿದಿಡುತ್ತದೆ. ಪೂರ್ತಿ ಹರಿದರೆ ಎರಡು ತುದಿಗಳೂ ಕೀಲಿನ ದ್ರವದಲ್ಲಿ ತೇಲುತ್ತವೆ, ರಕ್ತ ಅಲ್ಲಿ ಹೆಪ್ಪುಗಟ್ಟಿ ನಿಲ್ಲುವುದಿಲ್ಲ, ಹಾಗಾಗಿ ಸಾಮಾನ್ಯವಾಗಿ ಕೂಡಿಕೊಳ್ಳುವುದಿಲ್ಲ. ಮೂರು ವಾರ ಬಿಗಿದು ಕಟ್ಟಿಟ್ಟರೆ ಮಂಡಿ ಗಡುಸಾಗಿ ತೊಡೆ ಸಣ್ಣಗಾಗುತ್ತದೆ, ಅಷ್ಟೇ. ಊದಿದ ಮಂಡಿಗೆ ಬಿಸಿ ಎಣ್ಣೆ ಹಾಕಿ ತಿಕ್ಕುವುದೂ ಬೇಡ.

ಆಪರೇಷನ್‌ಗೂ ಆತುರ ಬೇಡ. ಊತ ಇಳಿದು ಮಂಡಿ ಪೂರ್ತಿ ನೇರವಾಗಬೇಕು, ಮಲಗಿ ಕಾಲನ್ನು ನೇರವಾಗಿ ಎತ್ತಿದಾಗ ಮಂಡಿ ಬಾಗಬಾರದು. ಇದಕ್ಕೆ ಸಾಮಾನ್ಯವಾಗಿ ಮೂರರಿಂದ ಆರು ವಾರ ಹಿಡಿಯುತ್ತದೆ. ಬಿಸಿಯಾಗಿ ಊದಿರುವ ಮಂಡಿಯನ್ನೇ ಕೊಯ್ದರೆ ಆಮೇಲೆ ಒಳಗೆ ಕಲೆಗಟ್ಟಿ ಬಿಗಿಯಾಗುವ ಅಪಾಯ ಹೆಚ್ಚು. ಇದಕ್ಕೆ ಒಂದು ಅಪವಾದವಿದೆ: ಮಂಡಿ ಅರ್ಧ ಬಾಗಿದಲ್ಲೇ ಸಿಕ್ಕಿಕೊಂಡು ನೇರವಾಗುತ್ತಲೇ ಇಲ್ಲ ಅಂದರೆ ಸೀಳಿದ ಮೆನಿಸ್ಕಸ್ ನಡುವೆ ಮಡಚಿ ಕೂತಿರಬಹುದು. ಆಗ ಕಾಯಬೇಡಿ.

ಸರ್ಜನ್‌ರನ್ನು ಕೇಳಬೇಕಾದ ಮೊದಲ ಪ್ರಶ್ನೆ ಮೆನಿಸ್ಕಸ್‌ನದು: ‘ಹೊಲಿಯುತ್ತೀರಾ, ಕತ್ತರಿಸುತ್ತೀರಾ?’ ಕತ್ತರಿಸಿದರೆ ಬೇಗ ನಡೆಯಬಹುದು, ಆದರೆ ಆ ಮೆತ್ತೆ ಹೋದಷ್ಟೂ ಮುಂದೆ ಮಂಡಿ ಬೇಗ ಸವೆಯುತ್ತದೆ. 19ರ ಹುಡುಗಿಗೆ ಹೊಲಿಯಲು ಬರುವಂತಿದ್ದರೆ ಹೊಲಿಯುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಹೊಲಿದರೆ ನಾಲ್ಕರಿಂದ ಆರು ವಾರ ಕಾಲಿನ ಮೇಲೆ ಪೂರ್ತಿ ಭಾರ ಹಾಕದಂತೆ, 90 ಡಿಗ್ರಿಗಿಂತ ಹೆಚ್ಚು ಬಗ್ಗಿಸದಂತೆ ಹೇಳುವುದುಂಟು. ಪಾಲಿಸಲೇಬೇಕು.

ಎರಡನೆಯದು ಗ್ರಾಫ್ಟ್, ಅಂದರೆ ಹರಿದ ಎಸಿಎಲ್ ಬದಲಿಗೆ ಹಾಕುವ ನಾರು. ತೊಡೆಯ ಹಿಂಬದಿಯ ಹ್ಯಾಮ್‌ಸ್ಟ್ರಿಂಗ್ ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು) ತೆಗೆದು ಮಂಡಿಯೊಳಗೆ ಜೋಡಿಸುವುದು ನಮ್ಮಲ್ಲಿ ಹೆಚ್ಚು. ಸಣ್ಣ ಮೈಕಟ್ಟಿನ ಹುಡುಗಿಯರಲ್ಲಿ ಅದು ತೆಳ್ಳಗಿರುತ್ತದೆ, 8 ಮಿಲಿಮೀಟರ್‌ಗಿಂತ ಕಡಿಮೆ ದಪ್ಪವಾದರೆ ಮತ್ತೆ ಹರಿಯುವ ಸಾಧ್ಯತೆ ಜಾಸ್ತಿ. ಮಂಡಿಚಿಪ್ಪಿನ ಕೆಳಗಿನ ಪಟೆಲ್ಲಾರ್ ಟೆಂಡನ್ ಎರಡು ತುದಿಯಲ್ಲೂ ಮೂಳೆಯ ತುಂಡು ಸಮೇತ ಬರುವುದರಿಂದ ಬೇಗ ಬೇರೂರುತ್ತದೆ, ಆದರೆ ಮಂಡಿಯೂರಿದಾಗ ನೋವು ಬಹಳ ದಿನ ಉಳಿಯಬಹುದು. ನೆಲದ ಮೇಲೆ ಕೂರುವ ಮನೆಗಳಲ್ಲಿ ಇದು ಸಣ್ಣ ಮಾತಲ್ಲ. ‘ಗ್ರಾಫ್ಟ್ ತೆಳ್ಳಗೆ ಬಂದರೆ ಏನು ಮಾಡುತ್ತೀರಿ? ಹೊರಬದಿಗೆ ಇನ್ನೊಂದು ಆಧಾರ ಕೊಡುತ್ತೀರಾ?’ ಎಂದು ಮೊದಲೇ ಕೇಳಿ. ಆಡುವ ಹುಡುಗಿ ಅಂತ ಒತ್ತಿ ಹೇಳಿ.

ಖರ್ಚಿನ ಚಿಂತೆಯಿದ್ದರೆ ಆಸ್ಪತ್ರೆಯಲ್ಲಿ ಸರ್ಕಾರಿ ಯೋಜನೆಗೆ ನೆರವಾಗುವ ಆರೋಗ್ಯಮಿತ್ರರ ಬಳಿ ಹೋಗಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಈ ಆಪರೇಷನ್ ಅದರಲ್ಲಿ ಬರುತ್ತದೆಯೇ, ರೆಫರಲ್ ಚೀಟಿ ಬೇಕೇ ಎಂದು ದಾಖಲಾಗುವ ಮೊದಲೇ ಕೇಳಿಕೊಳ್ಳಿ. ಬೆಂಗಳೂರಿನ ಸಂಜಯ್ ಗಾಂಧಿ ಆಸ್ಪತ್ರೆ ಸರ್ಕಾರಿ, ಮೂಳೆ ಚಿಕಿತ್ಸೆಗೆಂದೇ ಇರುವುದು. ಫಿಸಿಯೋ ಮಾತ್ರ ಕೋಲಾರದಲ್ಲೇ ಗೊತ್ತು ಮಾಡಿಕೊಳ್ಳಿ, ಮೊದಲ ತಿಂಗಳು ಅದಕ್ಕಾಗಿ ಬಸ್ಸಿನಲ್ಲಿ ಮಂಡಿ ಮಡಚಿ ಬೆಂಗಳೂರಿಗೆ ಅಲೆಯುವುದು ಬೇಡ.

ಆಪರೇಷನ್ ಆದ ಮೇಲಿನ ಮೊದಲ ಎರಡು ವಾರ ಬಹಳ ಮುಖ್ಯ. ಮನೆಯವರು ಪ್ರೀತಿಯಿಂದ ಮಾಡುವ ತಪ್ಪೊಂದಿದೆ: ಮಂಡಿಯ ಕೆಳಗೆ ದಿಂಬಿಡುವುದು. ಹಾಯೆನಿಸುತ್ತದೆ, ಆದರೆ ಮಂಡಿ ಬಾಗಿದಲ್ಲೇ ನಿಲ್ಲುತ್ತದೆ. ಸುತ್ತಿದ ಟವೆಲನ್ನು ಹಿಮ್ಮಡಿಯ ಕೆಳಗಿಟ್ಟು, ಮಂಡಿ ತಾನಾಗಿ ಕೆಳಕ್ಕೆ ಇಳಿಯಲು ಬಿಡಬೇಕು. 10 ನಿಮಿಷ, ದಿನಕ್ಕೆ ನಾಲ್ಕೈದು ಸಲ. ಜೊತೆಗೆ ತೊಡೆ ಬಿಗಿ ಮಾಡಿ 10 ಸೆಕೆಂಡ್ ಹಿಡಿಯುವುದು, ಹತ್ತತ್ತು ಸಲ. ಕೆಲವು ವಾರಗಳ ನಂತರ ಒಂದು ಪರೀಕ್ಷೆ ಮಾಡಿ: ತಂಗಿ ಮಂಚದ ಮೇಲೆ ಬೋರಲು ಮಲಗಲಿ, ಮಂಡಿಯಿಂದ ಕೆಳಗೆ ಎರಡೂ ಕಾಲು ಮಂಚದ ಆಚೆ ಇರಲಿ. ಹಿಂದಿನಿಂದ ಹಿಮ್ಮಡಿಗಳನ್ನು ನೋಡಿ. ಆಪರೇಷನ್ ಆದ ಕಡೆಯದು ಒಂದೆರಡು ಬೆರಳಷ್ಟು ಮೇಲೇ ನಿಂತಿದ್ದರೆ ಮಂಡಿ ಇನ್ನೂ ನೇರವಾಗಿಲ್ಲ. ಹಾಗೇ ಬಿಟ್ಟರೆ ಆಜೀವ ಕುಂಟು ಉಳಿಯಬಹುದು, ಸರ್ಜನ್‌ಗೆ ತಿಳಿಸಿ. ಮೀನಖಂಡ ನೋಯುತ್ತಾ ಊದಿದರೆ, ಜ್ವರದ ಜೊತೆ ಗಾಯ ಸೋರಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಇಂಡಿಯನ್ ಶೌಚಾಲಯವಾದರೆ ಕಮೋಡ್ ಕುರ್ಚಿ ಮೊದಲೇ ತಂದಿಡಿ, ಕುಕ್ಕರುಗಾಲಲ್ಲಿ ಕೂರುವುದು ಹಲವು ತಿಂಗಳು ಇಲ್ಲ.

ಮುಂದಿನ ಹಂತಗಳು ಹೆಚ್ಚುಕಡಿಮೆ ಎಲ್ಲರಿಗೂ ಒಂದೇ. ಕುಂಟದೆ ನಡೆಯಲು ಬಂದ ಮೇಲೆ ಊರುಗೋಲು ಬಿಡುವುದು, ಆರನೇ ವಾರದ ಹೊತ್ತಿಗೆ ಸೈಕಲ್, ಮೂರರಿಂದ ನಾಲ್ಕು ತಿಂಗಳಿಗೆ ಊತವಿಲ್ಲದಿದ್ದರೆ ನೇರ ಓಟ, ಆರರ ಸುಮಾರಿಗೆ ಜಿಗಿತ ಮತ್ತು ದಿಕ್ಕು ಬದಲಿಸುವ ಓಟ.

ಮೋಸ ಮಾಡುವುದು ಈ ಆರನೇ ತಿಂಗಳೇ. ಹಾಕಿದ ಗ್ರಾಫ್ಟ್ ಮೊದಲಿಗೆ ರಕ್ತಸಂಚಾರವಿಲ್ಲದ ನಾರು. ಮೊದಲ ತಿಂಗಳುಗಳಲ್ಲಿ ಅದು ಹಾಕಿದಾಗಿನದಕ್ಕಿಂತ ದುರ್ಬಲವಾಗಿ, ಆಮೇಲೆ ನಿಧಾನಕ್ಕೆ ಬಲಿಯುತ್ತದೆ. ಪೂರ್ತಿ ಬಲಿಯಲು ವರ್ಷವೋ ಅದಕ್ಕಿಂತ ಹೆಚ್ಚೋ ಬೇಕು. ಮಂಡಿಗೆ ನೋವಿಲ್ಲ, ಓಡಲೂ ಬರುತ್ತದೆ, ಒಳಗೆ ಹಗ್ಗ ಮಾತ್ರ ಇನ್ನೂ ಹಸಿ. ಒಂಬತ್ತನೇ ತಿಂಗಳವರೆಗೆ ಆಟವನ್ನು ಮುಂದೂಡಿದ ಪ್ರತಿ ತಿಂಗಳಿಗೂ ಮರುಗಾಯದ ಸಾಧ್ಯತೆ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬ ಲೆಕ್ಕವಿದೆ. ಆಟಕ್ಕೆ ಮರಳಿದ ಎಳೆಯರಲ್ಲಿ ನಾಲ್ಕೈದು ಮಂದಿಗೆ ಒಬ್ಬರಿಗೆ ಮತ್ತೆ ಹರಿಯುತ್ತದೆ, ಅದೇ ಮಂಡಿ ಅಥವಾ ಇನ್ನೊಂದು.

ತಿಂಗಳ ಲೆಕ್ಕ ಒಂದೇ ಸಾಲದು. ತೊಡೆಯ ಬಲ ಇನ್ನೊಂದು ಕಾಲಿನ ಶೇ 90ರಷ್ಟಾದರೂ ಇರಬೇಕು. ಒಂಟಿ ಕಾಲಿನ ಜಿಗಿತದ ದೂರವೂ ಅಷ್ಟೇ: ಒಂದು ಜಿಗಿತ, ಸತತ ಮೂರು, ಗೆರೆಯ ಆಚೀಚೆ ದಾಟುತ್ತಾ ಮೂರು, ಕೊನೆಗೆ ಒಂಟಿ ಕಾಲಲ್ಲೇ ಜಿಗಿಯುತ್ತಾ 6 ಮೀಟರ್ ಸಾಗಲು ಹಿಡಿಯುವ ಸಮಯ. ಇಳಿಯುವಾಗ ಮಂಡಿ ಒಳಕ್ಕೆ ವಾಲುತ್ತಿದ್ದರೆ ದೂರ ಎಷ್ಟು ಹಾರಿದರೂ ಲೆಕ್ಕಕ್ಕಿಲ್ಲ. ಮುಂದಿನಿಂದ ಮೊಬೈಲಲ್ಲಿ ವಿಡಿಯೋ ಮಾಡಿ ನಿಧಾನಗತಿಯಲ್ಲಿ ನೋಡಿ, ಸ್ಪಷ್ಟವಾಗಿ ಕಾಣುತ್ತದೆ. ಮನೆಯಲ್ಲಿ ಟೈಲರ್ ಟೇಪ್‌ನಿಂದ ಮಂಡಿಚಿಪ್ಪಿನ 10 ಸೆಂಟಿಮೀಟರ್ ಮೇಲೆ ಎರಡೂ ತೊಡೆಯ ಸುತ್ತಳತೆ ತಿಂಗಳಿಗೊಮ್ಮೆ ಬರೆದಿಡಿ.

ರಗ್ಬಿಗೆ ಇದರ ಮೇಲೂ ಒಂದು ಮೆಟ್ಟಿಲು ಬೇಕು. ಮೊದಲು ಎದುರಾಳಿಯಿಲ್ಲದೆ ಪಾಸ್, ಆಮೇಲೆ ಪ್ಯಾಡ್‌ಗೆ ಡಿಕ್ಕಿ, ನಂತರ ನಡಿಗೆಯ ವೇಗದಲ್ಲಿ ಟ್ಯಾಕಲ್ (ಎದುರಾಳಿಯನ್ನು ಹಿಡಿದು ಬೀಳಿಸುವುದು), ಕೊನೆಗೆ ಪೂರ್ತಿ ವೇಗ. ಸೆವೆನ್ಸ್ ಪಂದ್ಯ ಏಳೇಳು ನಿಮಿಷದ ಎರಡು ಅವಧಿ ಮಾತ್ರ, ಆದರೆ ದಿನಕ್ಕೆ ಎರಡು ಮೂರು ಪಂದ್ಯ. ದಣಿದ ಕಾಲೇ ತಿರುಚುವುದು. ಆದ್ದರಿಂದ ಮರಳಿದ ಮೊದಲ ಟೂರ್ನಿಯಲ್ಲಿ ದಿನಕ್ಕೆ ಒಂದೇ ಅವಧಿ ಸಾಕು. ಬೇಸಿಗೆಯಲ್ಲಿ ನಮ್ಮ ಕೆಂಪು ನೆಲ ಕಲ್ಲಿನಂತಾಗಿ ಮೇಲೆ ಸಣ್ಣ ಜಲ್ಲಿ ಉರುಳುತ್ತಿರುತ್ತದೆ. ದಿಕ್ಕು ಬದಲಿಸುವ ಅಭ್ಯಾಸವನ್ನು ಅಲ್ಲಿ ಶುರು ಮಾಡಬೇಡಿ, ಹುಲ್ಲಿರುವ ಜಾಗ ಹುಡುಕಿ.

ತಂಗಿಗೆ ಎರಡು ಹೆಸರು ಹೇಳಿ. ಆಸ್ಟ್ರೇಲಿಯಾದ ರಗ್ಬಿ ಆಟಗಾರ ಡೇವಿಡ್ ಪೊಕಾಕ್‌ಗೆ 2013ರಲ್ಲಿ ಎಸಿಎಲ್ ಹರಿಯಿತು, 2014ರಲ್ಲಿ ಅದೇ ಮಂಡಿಯಲ್ಲಿ ಮತ್ತೆ. ಆದರೂ 2015ರ ವಿಶ್ವಕಪ್ ಫೈನಲ್‌ನಲ್ಲಿ ಆಡಿದರು. ಎರಡು ಸಲ ಲಯನ್ಸ್ (ಬ್ರಿಟನ್ ಮತ್ತು ಐರ್ಲೆಂಡ್‌ನ ಜಂಟಿ ರಗ್ಬಿ ತಂಡ) ನಾಯಕನಾಗಿದ್ದ ವೇಲ್ಸ್‌ನ ಸ್ಯಾಮ್ ವಾರ್ಬರ್ಟನ್ ಕುತ್ತಿಗೆ, ಮಂಡಿಯ ಆಪರೇಷನ್‌ಗಳ ನಂತರ ದೇಹ ಸ್ಪಂದಿಸುತ್ತಿಲ್ಲವೆಂದು 2018ರಲ್ಲಿ, 29ನೇ ವಯಸ್ಸಿಗೇ ಬೂಟು ಬಿಚ್ಚಿದರು. ಎರಡೂ ಆಗುತ್ತದೆ ಎಂದು ಅವಳಿಗೆ ಈಗಲೇ ಗೊತ್ತಿರಲಿ.

ಗಾಯ ಮುಚ್ಚಿಟ್ಟು ಮಾತ್ರ ಶಿಬಿರಕ್ಕೆ ಕಳಿಸಬೇಡಿ. ಬ್ರೇಸ್ (ಮಂಡಿಗೆ ಹಾಕುವ ಆಧಾರಪಟ್ಟಿ) ಹಾಕಿ ಎರಡು ವಾರ ಓಡಿದರೆ ಮಂಡಿ ಮತ್ತೆ ಮತ್ತೆ ಜಾರಿ, ಇವತ್ತು ಹೊಲಿಯಬಹುದಾದ ಮೆನಿಸ್ಕಸ್ ನಾಳೆ ಹೊಲಿಯಲಾಗದಂತೆ ಚಿಂದಿಯಾಗಬಹುದು. ಎಂಆರ್‌ಐ ವರದಿಯನ್ನು ಕೋಚ್‌ಗೂ ಶಿಬಿರದವರಿಗೂ ಈ ವಾರವೇ ಕಳಿಸಿ, ಆಪರೇಷನ್‌ನ ದಿನಾಂಕ ಗೊತ್ತಾದ ಮೇಲೆ ಮುಂದಿನ ವರ್ಷದ ಆಯ್ಕೆಗೆ ಪರಿಗಣಿಸಿ ಎಂದು ಪತ್ರದಲ್ಲಿ ಬರೆದು ಕೇಳಿಕೊಳ್ಳಿ.